ಸೀರೆಯ ಮರೆಯಿಂದ ಕರೆದ ಸಾಕ್ಸ್ ಗೊಂಬೆ

ನಮ್ಮ ಮನೆಯಲ್ಲಿ ಸಾಕ್ಸ್ ಅಂತ ಇದ್ದದ್ದು ಒಂದೇ ಜೊತೆ. ಮದುವೆಯಲ್ಲಿ ನನ್ನ ತವರಿನವರು ನನ್ನ ಗಂಡ ಜಂಬಯ್ಯನಿಗೆ ಬೂಟಿನ ಜೊತೆ ಕೊಟ್ಟಿದ್ದು. ಆ ಒಂದು ದಿನ ಹಾಕಿದ್ದು ಬಿಟ್ಟರೆ ಟ್ರಂಕಿನಿಂದ ಆಚೆ ಬಂದಿರಲಿಲ್ಲ. ಕುರಿ ಕಾಯುವವರಿಗೆ ಸಾಕ್ಸ್ ಎಲ್ಲಿಯದು?

ಹೀಗಿರುವಾಗ ಅಂಗನವಾಡಿಯ ಸುಕನ್ಯಾ ಟೀಚರ್ ಮನೆ ಬಾಗಿಲಿಗೆ ಬಂದರು. ಮಕ್ಕಳಿಗೆ ಗೊಂಬೆಯಾಟ ಮಾಡಿಸಬೇಕು, ಹಳೆಯ ಸಾಕ್ಸ್ ಇದ್ದರೆ ಕೊಡಿ, ಒಂದೇ ಸಾಕು ಎಂದರು. ನಾನು ಮಲ್ಲಿಗೆ ತೋಟದ ಕೂಲಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದೆ. ಕೈತೊಳೆದು, ಟ್ರಂಕು ತೆರೆದು, ಒಂದನ್ನು ತೆಗೆದುಕೊಟ್ಟೆ. ಹೆಚ್ಚು ಯೋಚಿಸಲಿಲ್ಲ.

ಯೋಚಿಸಿದ್ದು ಸಂಜೆ, ಅತ್ತೆ ಕರಿಯಕ್ಕನಿಗೆ ಗೊತ್ತಾದ ಮೇಲೆ.

“ತೊಟ್ಟಿದ್ದನ್ನ ಯಾರರ ಹೊರಗ ಕೊಡ್ತಾರೇನ? ಅದೂ ಒಂದ ಕೇಳ್ಯಾಳ. ಮನುಷ್ಯಾಗ ಕಾಲು ಎರಡು. ಒಂದು ಸಾಕ್ಸ ತಗೊಂಡು ಏನ್ ಮಾಡ್ತಾಳ, ನೀನ ಹೇಳು.”

ತೊಟ್ಟ ಬಟ್ಟೆ ಕಂಡವರ ಕೈಗೆ ಸಿಕ್ಕರೆ ಏನೇನು ಮಾಟ ಮಾಡಿಸುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ಕೇಳಿದವರೇ. ದೀಪ ಹಚ್ಚುವ ಹೊತ್ತಿನಲ್ಲಿ ಆ ಮಾತು ಬಾಯಿಗೆ ಬರಬಾರದೆಂದು ಅತ್ತೆ ಎದ್ದು ಒಳಗೆ ಹೋದರು. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಹೆದರಲು ಕಾರಣವಿತ್ತು. ನನ್ನ ಮಗಳು ಚಂದನಾಗೆ ಮೂರೂವರೆ ವರ್ಷ. ಮಾತು ಬಂದಿರಲಿಲ್ಲ. ‘ಅವ್ವ’, ‘ಬಾ’, ನೀರಿಗೆ ‘ನೀ’, ಅಷ್ಟೇ. ಅವಳ ವಾರಗೆಯ ಮಕ್ಕಳು ಎದುರುತ್ತರ ಕೊಡುತ್ತಿದ್ದವು. ಅವರಪ್ಪನೂ ತಡವಾಗಿ ಮಾತಾಡಿದ್ದ ಎಂದು ಓಣಿಯವರು ಹೇಳುತ್ತಿದ್ದರು. ಅತ್ತೆ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದರು. ಮಗುವಿಗೆ ಯಾವಾಗಲೂ ನೆಗಡಿ. ಕಿವಿ ಹಿಡಿದುಕೊಂಡು ಅತ್ತರೆ ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕಿವಿಗೆ ಬಿಡುತ್ತಿದ್ದರು. ಮಗು ಮಲಗಿಬಿಡುತ್ತಿತ್ತು. ನಾನೂ ದಣಿದಿರುತ್ತಿದ್ದೆ, ಮಲಗಿದ್ದೇ ಪುಣ್ಯ ಎಂದುಕೊಳ್ಳುತ್ತಿದ್ದೆ.

ಮರುದಿನ ಸಾಕ್ಸ್ ವಾಪಸು ತರಲು ಅಂಗನವಾಡಿಗೆ ಹೋದೆ. ನೇರ ಒಳಗೆ ಹೋಗದೆ ಕಿಟಕಿಯಲ್ಲಿ ಇಣುಕಿದೆ. ಚಾಪೆಯ ಮೇಲೆ ಆರು ಸಾಕ್ಸ್. ಎಲ್ಲಕ್ಕೂ ಗುಂಡಿಯ ಕಣ್ಣು. ಒಂದಕ್ಕೆ ಸೂಜಿ ಚುಚ್ಚಿಟ್ಟಿದ್ದರು. ಕೆಂಪು ಬಟ್ಟೆ, ಕೆಂಪು ದಾರ. ನನ್ನ ಗಂಡನ ಕರಿ ಸಾಕ್ಸಿಗೆ ಒಂದು ಚೀಟಿ, ಅದರ ಮೇಲೆ ‘ಚಂದನಾ’ ಎಂದು ಬರೆದಿತ್ತು.

ಒಳಗೆ ಹೋಗಿ, ಹೆಸರು ಯಾಕೆ ಬರೆದಿದ್ದೀರಿ ಎಂದು ಕೇಳಿದೆ. ಟೀಚರ್ ಸಿಟ್ಟಾಗಲಿಲ್ಲ. ಯಾರ ಮನೆಯದು ಅವರ ಮನೆಗೆ ಹೋಗಬೇಕಲ್ಲ, ಅದಕ್ಕೆ ಎಂದರು. ಒಂದೇ ಯಾಕೆ ಎಂದೆ. ಒಂದು ಕೈಗೆ ಒಂದು ಎಂದು ನನ್ನ ಕೈಗೇ ಅದನ್ನು ತೊಡಿಸಿದರು. ನಾಲ್ಕು ಬೆರಳು ಮುಂಭಾಗದಲ್ಲಿ, ಹೆಬ್ಬೆರಳು ಹಿಮ್ಮಡಿಯ ಕಡೆ. ನಡುವೆ ಮಡಚಿದ ಜಾಗವೇ ಬಾಯಿ. ಅಲ್ಲಿ ಕೆಂಪು ಬಟ್ಟೆ ಹೊಲಿದರೆ ನಾಲಿಗೆ. ಕರಿ ಸಾಕ್ಸ್ ಕಾಗೆಯಾಗಿತ್ತು. ಹೊಲಿಗೆ ಅರ್ಧ ಉಳಿದಿತ್ತು, ಸೂಜಿ ನನಗೇ ಕೊಟ್ಟರು. ಹೊಲಿದು, ಆಟ ಮುಗಿಯುವವರೆಗೆ ಇರಲಿ ಎಂದು ಅಲ್ಲೇ ಬಿಟ್ಟು ಬಂದೆ. ಆದರೂ ಸಂಶಯ ಪೂರ್ತಿ ಹೋಗಲಿಲ್ಲ. ಈಕೆ ಇಷ್ಟು ಮೆತ್ತಗೆ ಯಾಕೆ ಮಾತಾಡುತ್ತಾಳೆ ಎಂದು ಹೊಸದೊಂದು ಶುರುವಾಯಿತು.

ಮನೆಗೆ ಬಂದು ಹೇಳಿದರೆ ಅತ್ತೆ, “ನನ್ನ ಮಗನ ಕಾಲಿನ ಸಾಕ್ಸ ಕಾಗಿ ಮಾಡಿ ಕುಂದ್ರಿಸ್ಯಾಳಾ?” ಎಂದು ಹಣೆ ಬಡಿದುಕೊಂಡರು.

ಶನಿವಾರ ತಾಯಂದಿರನ್ನೂ ಆಟಕ್ಕೆ ಕರೆದಿದ್ದರು. ನಾನು ಕಾವಲಿಗೆ ಹೋದವಳಂತೆ ಹಿಂದೆ ಗೋಡೆಗೆ ಒರಗಿ ಕೂತೆ. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಹಳೆಯ ಸೀರೆ ಇಳಿಬಿಟ್ಟಿದ್ದರು. ಟೀಚರ್ ಅದರ ಹಿಂದೆ ಕೂತರು. ಸೀರೆಯ ಮೇಲೆ ಕಾಗೆ ಬಂತು, ಕೋಳಿ ಬಂತು. ಕಾಗೆ ಕೋಳಿಯ ಕಾಳು ಕದ್ದು ಜಗಳವಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಚಂದನಾನೂ ನಕ್ಕಳು. ಆದರೆ ಎಲ್ಲರ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಕ್ಕಳು. ಅದನ್ನು ನಾನು ಕಂಡೆ. ಕಂಡರೂ ಏನೂ ಅಲ್ಲ ಎಂದುಕೊಂಡೆ.

ಆಮೇಲೆ ಕಾಗೆ ಸೀರೆಯ ಹಿಂದೆ ಅಡಗಿತು. ಅಲ್ಲಿಂದಲೇ ಒಬ್ಬೊಬ್ಬರ ಹೆಸರು ಕರೆಯಿತು. ಕರೆದ ಮಗು ಓ ಎಂದು ಕೂಗಿತು. ಚಂದನಾ ಎಂದು ಕರೆಯಿತು. ಅವಳು ಚಾಪೆಯ ಕಡ್ಡಿ ಕೀಳುತ್ತಿದ್ದಳು. ಮತ್ತೆ ಕರೆಯಿತು. ಮೂರನೆಯ ಸಲವೂ ತಲೆ ಎತ್ತಲಿಲ್ಲ. ಪಕ್ಕದ ಹುಡುಗಿ ತಿವಿದಾಗ ಮಾತ್ರ ಅತ್ತಿತ್ತ ನೋಡಿದಳು.

ಎಲ್ಲರೂ ಹೋದ ಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. ನನಗೆ ಆಗಲೇ ಮೈ ಉರಿಯುತ್ತಿತ್ತು. ಬೇಕೆಂದೇ ನನ್ನ ಮಗಳನ್ನು ನಾಲ್ಕು ಜನರ ಮುಂದೆ ದಡ್ಡಿ ಮಾಡಿದಿರಿ, ಇದಕ್ಕೇ ಈ ಆಟ ಹೂಡಿದಿರಿ ಎಂದೆ. ಅವರು ಎಲ್ಲ ಕೇಳಿಸಿಕೊಂಡರು.

“ಆಕಿ ದಡ್ಡಿ ಅಲ್ಲ, ಮೈಲಮ್ಮ. ನನ್ನ ಮುಖ ಕಂಡಾಗ ಎಲ್ಲಾ ತಿಳಕೊಳ್ತಾಳ. ಇವತ್ತು ಮುಖ ಕಾಣ್ಲಿಲ್ಲ. ಆಕಿ ಕಿವಿ ತೋರ್ಸ್ರಿ.”

ನಾನು ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ. ನಾನು ಬಾ ಎಂದರೆ ಬರುತ್ತಾಳೆ, ರೊಟ್ಟಿ ಬೇಕಾ ಎಂದರೆ ಕೈ ಚಾಚುತ್ತಾಳೆ. ಕಿವಿ ಕೇಳದವಳು ಹೀಗೆ ಮಾಡುತ್ತಾಳಾ? ಟೀಚರ್ ಸುಳ್ಳು ಹೇಳುತ್ತಿದ್ದಾಳೆ ಎಂದು ಸಾಬೀತು ಮಾಡಬೇಕೆಂದೇ ಟ್ರಂಕಿನಿಂದ ಇನ್ನೊಂದು ಸಾಕ್ಸ್ ತೆಗೆದೆ. ಎರಡು ಗುಂಡಿ ಹೊಲಿದು, ಅಡುಗೆಮನೆ ಬಾಗಿಲಿಗೆ ನನ್ನ ಸೀರೆ ಕಟ್ಟಿದೆ.

ಅತ್ತೆ ನೋಡಿದರು. “ಮನೀಗೂ ತಂದ್ಯಾ ಅದನ್ನ?”

ವಿಷಯ ಹೇಳಿದೆ. ಅತ್ತೆಗೆ ರೇಗಿತು. ಮೊಮ್ಮಗಳು ತಾನು ಕರೆದರೆ ಎಲ್ಲಿದ್ದರೂ ಓಡಿ ಬರುತ್ತಾಳೆ ಎಂದು ನನ್ನ ಕೈಯಿಂದ ಸಾಕ್ಸ್ ಕಸಿದು, ತಾವೇ ತೊಟ್ಟು ಸೀರೆಯ ಹಿಂದೆ ಕೂತರು. ಗೊಂಬೆ ಮೇಲೆ ಕುಣಿಯಿತು. ಚಂದನಾ ಕೈ ತಟ್ಟಿದಳು. ಗೊಂಬೆ ಕೆಳಗಿಳಿಯಿತು.

“ಚಂದೂ. ಏ ಚಂದೂ. ಬಾ ನನ್ನವ್ವ.”

ಚಂದನಾ ನಾನು ತೋಟದಿಂದ ತಂದಿದ್ದ ಮಲ್ಲಿಗೆ ಮೊಗ್ಗುಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು. ಅತ್ತೆ ಮತ್ತೆ ಕರೆದರು. ಮಗು ಒಂದು ಮೊಗ್ಗು ಆಚೆ ಸರಿಸಿತು, ಅಷ್ಟೇ. ಕೊನೆಗೆ ಅತ್ತೆ ಸೀರೆ ಎತ್ತಿ ಮುಖ ತೋರಿಸಿದರು. ಅವಳು ನಗುತ್ತಾ ಓಡಿ ಬಂದು ಅಜ್ಜಿಯ ಕೊರಳಿಗೆ ಬಿದ್ದಳು.

“ಇಷ್ಟು ದಿನ ನನ್ನ ಮಾರಿ ನೋಡಿ ಬರ್ತಿದ್ಲೇನ, ಮೈಲಿ?” ಅತ್ತೆ ಕೇಳಿದ್ದು ಇಷ್ಟೇ. ಸೋಮವಾರ ಬೆಳಿಗ್ಗೆ ಹಡಗಲಿ ಬಸ್ಸಿಗೆ ನನಗಿಂತ ಮೊದಲು ಅವರೇ ಹೋಗಿ ನಿಂತಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಹೊಸಪೇಟೆಗೆ ಚೀಟಿ ಬರೆದರು. ಅಲ್ಲಿ ಎಷ್ಟು ಕೇಳಿಸುತ್ತದೆಂದು ಪರೀಕ್ಷೆಯಾಯಿತು. ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿದೆ, ನೆಗಡಿ ಪದೇ ಪದೇ ಬರುವ ಮಕ್ಕಳಲ್ಲಿ ಹೀಗಾಗುವುದುಂಟು, ಅವಳಿಗೆ ಮಾತೆಲ್ಲ ಮಸುಕಾಗಿ ಕೇಳುತ್ತಿದೆ ಎಂದರು. ಅತ್ತೆ ತಾವಾಗಿಯೇ ಎಣ್ಣೆಯ ವಿಷಯ ಹೇಳಿದರು. ಇನ್ನು ಒಂದು ಹನಿಯೂ ಬೇಡ ಎಂದು ವೈದ್ಯರು ಬೈದೇ ಹೇಳಿದರು. ಕೆಲವು ತಿಂಗಳು ಕಾದು, ಮತ್ತೆ ಪರೀಕ್ಷಿಸಿ, ಚಿಕ್ಕದೊಂದು ಆಪರೇಷನ್ ಮಾಡಿ ನೀರು ತೆಗೆದರು. ಅದಕ್ಕೂ ನಾನು ಹತ್ತು ಸಲ ಅನುಮಾನಿಸಿ, ಹತ್ತು ಸಲ ಪ್ರಶ್ನೆ ಕೇಳಿಯೇ ಒಪ್ಪಿದ್ದು.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಚಂದನಾ ಪಡಸಾಲೆಯಲ್ಲಿ ನಡೆಯುತ್ತಿದ್ದವಳು ನಿಂತಳು. ಕೆಳಗೆ ನೋಡಿದಳು. ಒಂದು ಹೆಜ್ಜೆ ಇಟ್ಟಳು, ಮತ್ತೆ ನಿಂತಳು. ತನ್ನ ಕಾಲ್ಗೆಜ್ಜೆ ಸದ್ದು ಮಾಡುತ್ತದೆ ಎಂದು ಅವಳಿಗೆ ಅಂದು ಗೊತ್ತಾಯಿತು. ಆ ದಿನವೆಲ್ಲ ಕುಳಿತುಕೊಳ್ಳಲಿಲ್ಲ. ಮಾತು ಈಗ ಒಂದೊಂದಾಗಿ ಬರುತ್ತಿದೆ. ಹೊಸದಾಗಿ ಮೊದಲು ಕಲಿತದ್ದು ‘ಲೇ’. ಅದು ಅಜ್ಜಿಯ ಕೊಡುಗೆ.

ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯಲ್ಲಿ ಮಾತು ತಡವಾದ ಮಗು ಇದೆಯೇ? ಒಂದು ಹಳೆಯ ಸಾಕ್ಸಿಗೆ ಎರಡು ಗುಂಡಿ ಹೊಲಿಯಿರಿ, ಬಾಗಿಲಿಗೆ ಸೀರೆ ಕಟ್ಟಿರಿ, ಮಗುವಿನ ಜೊತೆ ಆಡಿರಿ. ನಡುವೆ ಮುಖ, ಕೈ, ಗೊಂಬೆ ಏನೂ ಕಾಣದಂತೆ ಮರೆಯಿಂದ ಮೆಲ್ಲಗೆ ಹೆಸರು ಕರೆಯಿರಿ. ಎರಡು ಮೂರು ದಿನ ನೋಡಿ. ತಿರುಗದಿದ್ದರೆ ಕೂಡಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ತೋರಿಸಿ. ತಿರುಗಿದರೂ ಮಾತು ಬಾರದಿದ್ದರೆ ಆಗಲೂ ತೋರಿಸಿ. ಕಿವಿಗೆ ಎಣ್ಣೆ ಬಿಡಬೇಡಿ. ಅಪ್ಪನೂ ತಡವಾಗಿ ಮಾತಾಡಿದ್ದ ಎಂದು ಕಾಯುತ್ತಾ ಕೂರಬೇಡಿ.

ಅನುಮಾನ ಪಡುವುದು ತಪ್ಪಲ್ಲ. ನಾನು ಟೀಚರ್ ಮೇಲೆ ಪಟ್ಟಷ್ಟು ಅನುಮಾನವನ್ನು ಮಗಳ ಕಿವಿಯ ಮೇಲೆ ಪಟ್ಟಿದ್ದರೆ, ಅವಳಿಗೆ ಒಂದು ವರ್ಷದ ಮಾತು ಉಳಿಯುತ್ತಿತ್ತು. ನೀವು ಆ ವರ್ಷ ಕಳೆಯಬೇಡಿ.