ಸುಬ್ಬಜ್ಜನ ಹಗ್ಗದ ದಾರಿ

ಲೀಲಾಧರನ ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಅವರ ಮೈಯ ಬಲ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಮೊದಮೊದಲು ಸುಬ್ಬಜ್ಜ ಹಂಚು ತುಂಬಿದ ದೋಣಿಗೆ ಹಗ್ಗ ಕಟ್ಟಿ, ತಾವು ಹೊಳೆಯ ದಂಡೆಯ ಮೇಲೆ ನಡೆಯುತ್ತ, ಅದನ್ನು ಕುಂದಾಪುರದಿಂದ ಬಸ್ರೂರಿನವರೆಗೆ ಎಳೆದೊಯ್ಯುತ್ತಿದ್ದರು. ಲೀಲಾಧರ ಮುಂಬೈಯ ಕ್ಯಾಂಟೀನು ಮುಚ್ಚಿ ಊರಿಗೆ ಬಂದ ಮೇಲೆ ದೋಣಿ ಶಂಕರನಾರಾಯಣದ ಬದಿಗೂ ಹೋಗತೊಡಗಿತು. ಕಳೆದ ಮಳೆಗಾಲದ ಒಂದು ಸಂಜೆ, ಚಾ ಅಂಗಡಿಯಲ್ಲಿ ಅವನ ಕತೆ ಕೇಳುವವರು ಸ್ವಲ್ಪ ಜಾಸ್ತಿ ಇದ್ದರು. ಅವತ್ತಿನಿಂದ ದೋಣಿ ಮೂರಾದವು, ಒಂದರ ಬಾಲಕ್ಕೆ ಇನ್ನೊಂದು.

ನಿಜವಾಗಿ ಸುಬ್ಬಜ್ಜ ಕೋಟದಲ್ಲಿ ಬಾಳೆಹಣ್ಣಿನ ಅಂಗಡಿ ಇಟ್ಟುಕೊಂಡಿದ್ದರು. ಅವರು ದೋಣಿ ಹತ್ತಿದ್ದನ್ನು ಕಂಡವರಿಲ್ಲ.

ಮನೆಯಲ್ಲಿ ಲೀಲಾಧರ ಈಗ ಗಂಟೆ ಎಷ್ಟೆಂದು ಹೇಳಿದರೂ ಎಲ್ಲರೂ ಒಮ್ಮೆ ಗಡಿಯಾರ ನೋಡಿಕೊಳ್ಳುವವರೇ. ಅವನನ್ನು ನಂಬುತ್ತಿದ್ದವಳು ಒಬ್ಬಳೇ, ತಂಗಿಯ ಮಗಳು ಸೌಜನ್ಯ. ಗ್ರಹಚಾರಕ್ಕೆ ಅವಳದ್ದೊಂದು ಸೈಕಲ್ ಬಳಗವಿತ್ತು. ಭಾನುವಾರ ಬೆಳಿಗ್ಗೆ ಹಳೇ ದೋಣಿ ದಾರಿ, ಕಾಲುವೆ ದಂಡೆ ಎಂದು ಹುಡುಕಿಕೊಂಡು ಹೊರಡುವುದು ಅವರ ಚಟ. ಆ ಭಾನುವಾರ ಅವಳು ‘ಸುಬ್ಬಜ್ಜನ ಹಗ್ಗದ ದಾರಿ’ ಎಂದು ಬರೆಸಿದ ಬೋರ್ಡನ್ನೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಳು.

“ಹಗ್ಗ ಎಳ್ದ ಗುರ್ತ್ ಒಂದ್ ತೋರ್ಸಿ ಮಾವ, ಸಾಕ್. ಅಲ್ಲೇ ಬೋರ್ಡ್ ಹಾಕುವ.”

ಅವಳ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಲೀಲಾಧರ ಬೇರೆ ದಾರಿ ಕಾಣದೆ ತನ್ನ ಸೈಕಲ್ ಹೊರಗೆ ತೆಗೆದ. ಇವತ್ತು ಗುರುತು ಸಿಗದಿದ್ದರೆ ಇವಳೂ ನಾಳೆಯಿಂದ ಗಡಿಯಾರ ನೋಡುವವಳೇ.

ಬಸ್ರೂರು ದಾಟಿ ಹೊಳೆಯ ದಂಡೆಗೆ ಇಳಿದರು. ಅಲ್ಲಿ ದಾರಿಯೇನೋ ಇತ್ತು, ಆದರೆ ಅದು ಯಾರದೋ ಅಂಗಳಕ್ಕೆ ನುಗ್ಗಿ ದನದ ಹಟ್ಟಿಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಅಂಗಳಕ್ಕೆ ಬಂದವರನ್ನು ಬೆಲ್ಲ-ನೀರು ಕೊಡದೆ ಬಿಡುವ ಊರಲ್ಲ ಅದು. ನಾಲ್ಕು ಹಟ್ಟಿ ದಾಟುವಷ್ಟರಲ್ಲಿ ಲೀಲಾಧರನ ಹೊಟ್ಟೆಯಲ್ಲೇ ಒಂದು ದೋಣಿ ತೇಲಿಸಬಹುದಿತ್ತು.

“ಅಜ್ಜ ದೋಣಿ ಎಳ್ಕಂಡ್ ಹಟ್ಟಿಗೆ ಹೋತಿದ್ರಾ?” ಎಂದ ಉಲ್ಲಾಸ. ಬಳಗದಲ್ಲಿ ಅನುಮಾನದ ಖಾತೆ ಅವನದ್ದು.

“ಹೊಳೆ ಆಗ ಇಲ್ಲೇ ಹರೀತಿದ್ದಿತ್ ಮಾರಾಯ. ಹಟ್ಟಿ ಆಮೇಲೆ ಬಂದದ್ದ್.”

ಐದನೆಯ ಅಂಗಳದ ಅಂಚಿನಲ್ಲಿ, ಹೊಳೆಗೆ ಮುಖ ಮಾಡಿ ಸೊಂಟದೆತ್ತರದ ಒಂದು ಕಲ್ಲುಕಂಬ ನಿಂತಿತ್ತು. ಅದರ ಕುತ್ತಿಗೆಯ ಸುತ್ತ ಹಗ್ಗ ಸವೆಸಿದ ಆಳವಾದ ಗೀರು. ಲೀಲಾಧರ ಸೈಕಲ್ಲನ್ನು ಬೀಳಲು ಬಿಟ್ಟು ಓಡಿಹೋಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಕಾಣಿ! ಅಜ್ಜನ ಹಗ್ಗದ್ ಗೀರ್!”

ಎಲ್ಲರ ಮೊಬೈಲುಗಳೂ ಹೊರಬಂದವು. ಸೌಜನ್ಯಳ ಕಣ್ಣು ತುಂಬಿತು. ಅಷ್ಟರಲ್ಲಿ ಆ ಮನೆಯ ಅಜ್ಜಿ ಸೀತು ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ಬಂದರು.

“ಹ್ವಾಯ್, ಎಂತಕೆ ಅದ್ಕೆ ಕೈ ಮುಗಿತ್ರಿ? ಅದ್ ನಮ್ಮ ಕೋಣ ಕಟ್ಟು ಕಲ್ಲ್.”

ಹಿಂದಿನಿಂದ ಕೋಣವೇ ಬಂದು ಕಲ್ಲಿಗೆ ಕುತ್ತಿಗೆ ಉಜ್ಜಿ ಸಾಕ್ಷಿ ಹೇಳಿತು. ಉಲ್ಲಾಸ ಮೊಬೈಲು ಕಿಸೆಗೆ ಹಾಕಿಕೊಂಡ. ಸೌಜನ್ಯ ಮಾವನ ಮುಖ ನೋಡಿದಳು.

“ಮತ್ತೆ?” ಎಂದ ಲೀಲಾಧರ, ಉಸಿರು ಸಹ ಬದಲಿಸದೆ. “ಮೂರ್ ದೋಣಿ ಒಬ್ರಿಗೇ ಎಳೂಕ್ ಆತ್ತಾ? ಅಜ್ಜ ಕಟ್ಟಿದ್ದ್ ಕೋಣನ್ನೇ, ಕಂಬಳದ್ ಕೋಣ! ಅದ್ ಓಡು ರಭಸಕ್ಕೆ ದೋಣಿ ಒಳ್ಗಿದ್ ಹಂಚೆಲ್ಲ ಹಾರಿ ಹಾರಿ ದಂಡೆ ಮೇಲಿನ್ ಮನೆ ಮಾಡಿಗೆ ಕೂಕಂತಿದ್ದೊ. ಈ ಬದಿಲಿ ಹಂಚಿನ್ ಮನೆ ಆದದ್ದೇ ಹಾಂಗೆ.”

ಎಲ್ಲರೂ ತಲೆಯೆತ್ತಿದರು. ಸೀತಜ್ಜಿಯ ಮನೆಯ ಮಾಡಿನಲ್ಲಿ ಹಂಚು ಸಾಲಾಗಿ ಕೂತಿತ್ತು. ಅಜ್ಜಿಯೂ ತಮ್ಮ ಮಾಡನ್ನು ಮೊದಲ ಸಲ ಕಂಡವರಂತೆ ನೋಡಿದರು. ಆಮೇಲೆ ಸೈಕಲ್ಲಿನ ಬೋರ್ಡು ಓದಿ, ಚೊಂಬನ್ನು ಜಗಲಿಯ ಮೇಲಿಟ್ಟರು.

“ಹೌದ್. ಹಾರಿ ಬಂದದ್ ಹೌದ್. ಆದ್ರೆ ಕೋಣ ನಮ್ದ್, ದೋಣಿಯೂ ನಮ್ಮಜ್ಜಂದೇ. ನಿಮ್ಮ ಸುಬ್ಬಜ್ಜಂಗೆ ನೀರ್ ಕಂಡ್ರೇ ಆತಿರ್ಲಿಲ್ಲ. ಪಾಪ, ಹಂಚಿನ್ ಎಡೆಲಿ ಹುಲ್ಲ್ ಹಾಕಿ, ಕಣ್ಣಿಗೆ ಬೈರಾಸ್ ಕಟ್ಟಿ ಕೂರ್ಸ್ಕಂಡ್ ತರೂದಿದ್ದಿತ್. ದಾರಿ ಉದ್ದಕ್ಕೂ ವಾಂತಿ.”

ಬಳಗ ಹೋ ಎಂದು ನಕ್ಕಿತು. ಸೌಜನ್ಯ ನಗಲಿಲ್ಲ. ಚೀಲದಿಂದ ಮಾರ್ಕರ್ ಪೆನ್ನು ತೆಗೆದು ಬೋರ್ಡಿನ ಮುಂದೆ ಕೂತಳು.

“ಅಜ್ಜಿ, ನಿಮ್ಮ ಅಜ್ಜನ ಹೆಸ್ರೆಂತ?”

ಅಜ್ಜಿ ಹೇಳುವುದು ಸುಳ್ಳೆಂದು ಲೀಲಾಧರನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಜಗತ್ತಿನಲ್ಲಿ ಇನ್ನಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಆದರೆ ಅದನ್ನು ಸಾಬೀತು ಮಾಡಬೇಕಾದರೆ ಬಾಳೆಹಣ್ಣಿನ ಅಂಗಡಿಯಿಂದ ಶುರು ಮಾಡಬೇಕು. ಅವನು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿ, ಐದನೆಯ ಮನೆಯ ನೀರನ್ನು ನಿಧಾನವಾಗಿ ಕುಡಿದು, ಚೊಂಬು ಕೆಳಗಿಟ್ಟ.

“ಅಜ್ಜಿ ಹೇಳಿದ್ದ್ ಸರಿ ಹೆಣ್ಣೆ. ಅಜ್ಜಂಗೆ ನೀರ್ ಅಂದ್ರೆ ಜೋರ್ ಹೆದ್ರಿಕೆ. ಮನೆ ಮರ್ಯಾದಿ ಅಂದೇಳಿ ನಾನ್ ಇಷ್ಟ್ ದಿನ ಬಾಯ್ ಬಿಡ್ಲಿಲ್ಲ. ನೀನೇ ಆಲೋಚ್ನೆ ಮಾಡ್, ಹೆದ್ರಿಕೆ ಇಲ್ದಿದ್ರೆ ಎಲ್ಲರಂಗೆ ದೋಣಿ ಒಳ್ಗೇ ಕೂತ್ ಹುಟ್ಟ್ ಹಾಕ್ತಿದ್ರ್ ಅಲ್ದಾ? ಆ ವಾಂತಿ ತಡೂಕ್ ಆಗ್ದೇ ಅಲ್ದಾ ಅವ್ರ್ ಕೆಳಗಿಳ್ದ್, ದಂಡೆ ಮೇಲೆ ನಡ್ಕಂಡ್ ಹಗ್ಗ ಎಳೂಕೆ ಶುರು ಮಾಡಿದ್ದ್!”

“ಹೌದಲೆ,” ಎಂದ ಉಲ್ಲಾಸ, ಮನಸ್ಸಿಲ್ಲದ ಮನಸ್ಸಿನಿಂದ. ಸೌಜನ್ಯ ಪೆನ್ನಿನ ಮುಚ್ಚಳ ಹಾಕಿ, ಮಾವನನ್ನು ನೋಡಿ ನಕ್ಕಳು.

ಸೀತಜ್ಜಿ ಆ ಜಗಲಿಯಲ್ಲಿ ಕೂತು ದಾರಿಹೋಕರಿಗೆ ಕತೆ ಕಟ್ಟಲು ತೊಡಗಿ ಒಂದು ಕಾಲವಾಗಿತ್ತು. ಕೊಟ್ಟದ್ದನ್ನು ಬಡ್ಡಿ ಸಮೇತ ತಿರುಗಿಸಿ ಕೊಟ್ಟವರು ಇವತ್ತಿನವರೆಗೆ ಒಬ್ಬರೂ ಬಂದಿರಲಿಲ್ಲ. ಅವರು ಲೀಲಾಧರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸರಿದು, ಚಾಪೆಯ ಮೇಲೆ ಜಾಗ ಮಾಡಿದರು.

“ಕೂಕಣಿ ಹ್ವಾಯ್. ಉಂಡ್ಕಂಡೇ ಹೋಯ್ಕ್. ನಿಮ್ಮಜ್ಜ ಅಷ್ಟ್ ದೂರದಿಂದ ಹಗ್ಗ ಎಳ್ಕಂಡ್ ಬಂದ್ರೂ, ನಮ್ಮನಿ ಒಳ್ಗೆ ಉಣ್ದೆ ಒಂದ್ ದಿನವೂ ಮುಂದೆ ಹೋದವ್ರಲ್ಲ.”