ಚೀಟಿಯಿಲ್ಲದ ಅಂಗಿ

ಮೂವತ್ತು ವರ್ಷದಿಂದ ಊರಿನವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಂಡಿದ್ದ ಲಾಂಡ್ರಿಯಣ್ಣನಿಗೆ ಯಾರ ಜೊತೆಯೂ ತಂಟೆಯಿರಲಿಲ್ಲ. ತಾನಾಯಿತು, ತನ್ನ ಪಾಡಾಯಿತು. ಪೊಲೀಸರ ಸಮವಸ್ತ್ರಕ್ಕೂ ಅದೇ ಇಸ್ತ್ರಿ, ಅವರು ಹಿಡಿದುಕೊಂಡು ಹೋದವರ ಅಂಗಿಗೂ ಅದೇ ಇಸ್ತ್ರಿ. ‘ನಮ್ಮಂಥೋರಿಂದ ಏನಾಗುತ್ತೆ’ ಎನ್ನುವುದು ಅವನ ಬಾಯಿಪಾಠ. ಹಾಗಂತ ಹೇಡಿ ಅನ್ನಬೇಡಿ. ನಾವೆಲ್ಲ ಅದೇ ಪಾಠ ಒಪ್ಪಿಸಿಕೊಂಡು ಬದುಕಿದವರೇ.

ಅಂಥವನ ಅಂಗಡಿಗೆ ಗುರುವಾರ ಮಧ್ಯಾಹ್ನ ಎದುರುಮನೆಯ ಮೇಷ್ಟ್ರ ಹೆಂಡತಿ ಕಾಗದದ ಚೀಲ ಹಿಡಿದು ಬಂದರು. ಮುಚ್ಚಿದ ವಾಚನಾಲಯ ತೆರೆಯಿರಿ ಎಂದು ಬೀದಿಯಲ್ಲಿ ನಿಂತು ಕೇಳಿದ್ದೇ ಮೇಷ್ಟ್ರು ಮಾಡಿದ ತಪ್ಪು. ಎರಡು ದಿನ ಠಾಣೆಯಲ್ಲಿಟ್ಟುಕೊಂಡು, ನೆಟ್ಟಗೆ ನಿಲ್ಲಲಾರದ ಹಾಗೆ ಮಾಡಿ ಕಳಿಸಿದ್ದರು. ಮೆಟ್ಟಿಲಿಂದ ಬಿದ್ದರು ಎಂದು ಠಾಣೆಯವರು ಬರೆದರು. ಡಾಕ್ಟರೂ ಅದನ್ನೇ ಬರೆದರು. ಹೊಡೆದದ್ದಕ್ಕೆ ಉಳಿದಿದ್ದ ಪುರಾವೆ ಒಂದೇ, ಬೆನ್ನ ಮೇಲೆ ರಕ್ತದ ಗೆರೆಗಳಿದ್ದ, ಈಗ ಆ ಚೀಲದಲ್ಲಿದ್ದ ಮೇಷ್ಟ್ರ ಬಿಳಿ ಅಂಗಿ.

“ಸೋಮವಾರ ಕೋರ್ಟಲ್ಲಿ ತೋರಿಸ್ಬೇಕು ಅಂದಿದಾರೆ ವಕೀಲಮ್ಮ. ಮನೇಲಿಟ್ರೆ ಉಳಿಯಲ್ಲ ಅಣ್ಣಾ, ಎರಡು ಸಲ ಬಂದು ಜಾಲಾಡಿದಾರೆ. ನಿಮ್ಮಲ್ಲಿ ಇನ್ನೂರು ಅಂಗಿ ಮಧ್ಯೆ ಯಾರು ಹುಡುಕ್ತಾರೆ?”

“ನಮ್ಮಂಥೋರಿಂದ...” ಎಂದು ಶುರು ಮಾಡಿದವನು ಚೀಲದೊಳಗೆ ನೋಡಿದ. ಅವನೇ ಇಸ್ತ್ರಿ ಮಾಡಿಕೊಟ್ಟ ಅಂಗಿ. ಕಾಲರಿನ ಮಡಿಕೆ ಇನ್ನೂ ಹಾಗೇ ನಿಂತಿತ್ತು. “ಇಟ್ಟು ಹೋಗಮ್ಮ” ಎಂದ.

“ಯಾರಿಗೂ ಹೇಳ್ಬೇಡಿ. ಅಕ್ಕನಿಗೂ.”

“ನನ್ನ ಹೆಂಡ್ತಿಗಾ? ಅವಳಿಗೆ ಹೇಳೋದೂ ಒಂದೇ, ಡಂಗುರ ಹೊಡ್ಸೋದೂ ಒಂದೇ.”

ಬಟ್ಟೆ ಬಂದ ಕೂಡಲೇ ಗಿರಾಕಿಯ ನಂಬರಿನ ಚೀಟಿ ಸಿಕ್ಕಿಸುವುದು ಅಂಗಡಿಯ ಪದ್ಧತಿ. ಈ ಅಂಗಿಗೆ ಅವನು ಸಿಕ್ಕಿಸಲಿಲ್ಲ. ನಂಬರಿದ್ದರೆ ಮನೆ ಗೊತ್ತಾಗುತ್ತದೆ. ಚೀಲವಿದ್ದರೆ ಕಣ್ಣಿಗೆ ಬೀಳುತ್ತದೆ ಎಂದು ಅದನ್ನೂ ತೆಗೆದು, ಅಂಗಿಯನ್ನು ಮೇಲಿನ ಹಲಗೆಯ ಹಿಂದಕ್ಕೆ ತುರುಕಿದ.

ಶನಿವಾರ ಪೊಲೀಸರು ಬಂದೇಬಂದರು. ಮೇಷ್ಟ್ರ ಮನೆಯ ಹಾಸಿಗೆ ಹರಿದು, ಅಂಗಡಿಯೊಳಗೂ ಇಣುಕಿ, ತಮ್ಮ ಸಮವಸ್ತ್ರ ತೆಗೆದುಕೊಂಡು ಹೋದರು. ಜನ್ಮದಲ್ಲಿ ಮೊದಲ ಸಲ ಲಾಂಡ್ರಿಯಣ್ಣನಿಗೆ ತನ್ನ ಮೇಲೆ ಹೆಮ್ಮೆಯಾಯಿತು.

ಸೋಮವಾರ ಬೆಳಿಗ್ಗೆ ಹಲಗೆಯ ಹಿಂದೆ ಕೈಯಾಡಿಸಿದರೆ ಬರೀ ಗೋಡೆ.

“ಏನು ಹುಡುಕ್ತಿದೀರಿ? ಆ ಬಿಳೀ ಅಂಗೀನಾ? ಬಾಗಿಲಲ್ಲಿ ತೂಗುಹಾಕಿದೀನಲ್ಲ,” ಎಂದಳು ಹೆಂಡತಿ. “ನಿನ್ನೆ ಹಲಗೆ ಒರೆಸುವಾಗ ಸಿಕ್ತು. ಚೀಟಿ ಇರಲಿಲ್ಲ.”

ಚೀಟಿಯಿಲ್ಲದ ಬಟ್ಟೆ ಸಿಕ್ಕರೆ ತಪ್ಪು ಅಂಗಡಿಯವರದೇ ಎಂದು ಲೆಕ್ಕ. ಬಿಟ್ಟಿ ಒಗೆದು, ಗಿರಾಕಿ ಗುರುತು ಹಿಡಿಯಲಿ ಎಂದು ಬಾಗಿಲಿಗೆ ತೂಗುಹಾಕಬೇಕು. ಅದು ಅವನೇ ಮಾಡಿದ ಕಟ್ಟಳೆ.

“ಪಾಪ, ಯಾರದೋ ಏನೋ, ರಕ್ತ ಒಣಗಿ ಹೆಪ್ಪುಗಟ್ಟಿತ್ತು ಕಣ್ರೀ. ಉಪ್ಪುನೀರಲ್ಲಿ ನೆನೆಸಿ ನೆನೆಸಿ ಉಜ್ಜಿದೀನಿ. ಕೈ ಬಿದ್ದುಹೋಯ್ತು.”

ಅವನು ತಲೆಯ ಮೇಲೆ ಕೈಹೊತ್ತು ಕುಳಿತ. ಯಾರನ್ನು ಬೈಯಬೇಕು? ವಿಷಯ ತಿಳಿದ ಮೇಲೆ ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮೇಷ್ಟ್ರ ಹೆಂಡತಿ ವಕೀಲಮ್ಮನ ಜೊತೆ ಬಂದು, ಅಂಗಿಯನ್ನು ಬಾಗಿಲಿಂದ ಇಳಿಸಿ ಮಡಿಚಿಕೊಂಡರು. ಬೈದಿದ್ದರೇ ವಾಸಿಯಿತ್ತು.

“ನಾನು ಕಣ್ಣಾರೆ ನೋಡಿದೀನಿ. ಕೋರ್ಟಲ್ಲಿ ಹೇಳ್ತೀನಿ” ಎಂದ ಅವನು.

“ಹೇಳೋಕೂ ಯಾರೂ ಮುಂದೆ ಬರ್ತಿಲ್ಲ. ಬನ್ನಿ” ಎಂದರು ವಕೀಲಮ್ಮ. ಆದರೆ ಅವರ ದನಿಯಲ್ಲಿ ಕಸುವಿರಲಿಲ್ಲ.

ಕೋರ್ಟಿನಲ್ಲಿ ಪೊಲೀಸರ ಪರ ನಿಂತ ಸರ್ಕಾರಿ ವಕೀಲರು ಅವನನ್ನು ಗದರಲೂ ಇಲ್ಲ. ನಯವಾಗಿ ಅಂಗಿಯನ್ನು ಕೈಗಿಟ್ಟರು.

“ಮೂವತ್ತು ವರ್ಷದ ಅನುಭವ ನಿಮ್ಮದು. ಕಲೆ ಎಲ್ಲಿದೆ, ನೀವೇ ತೋರಿಸಿ.”

ಲಾಂಡ್ರಿಯಣ್ಣ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆನ್ನು ನೋಡಿದ. ತಿರುವಿ ನೋಡಿದ. ಹೊಲಿಗೆಯ ಸಂದಿಯಲ್ಲಿ ಉಗುರು ಹಾಕಿ ನೋಡಿದ. ಒಂದು ಎಳೆಯಲ್ಲಾದರೂ ಇರಲಿ ದೇವರೇ ಎಂದುಕೊಂಡ. ಮೇಷ್ಟ್ರು ಅವನ ಬೆರಳನ್ನೇ ನೋಡುತ್ತಿದ್ದರು.

“ಇಲ್ಲೇ ಇತ್ತು ಸ್ವಾಮಿ.”

“ಇತ್ತೋ, ಇದೆಯೋ?”

“ಇಲ್ಲ ಸ್ವಾಮಿ” ಎಂದ.

ನ್ಯಾಯಾಧೀಶರು ಅಷ್ಟನ್ನು ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಎರಡೂ ಕೈಗಳನ್ನು ಯಾರಿಗೂ ಕಾಣದಂತೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕುಳಿತಿದ್ದಳು.