ಚಹಾಕ್ಕೆ ಮುಂಚಿನ ಕೈ

ಓಟಕ್ಕೆ ಮುಂಚೆ ಅಂಗಳದಲ್ಲಿ ಕುದುರೆಯನ್ನು ನಡೆಸುತ್ತ ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಅದರ ಮುಂಗಾಲಿಗೆ ಕೆಸರು ಸಿಡಿದಿರುವುದು ಡೀಲಿಯಾಳ ಕಣ್ಣಿಗೆ ಬಿತ್ತು. ಒರೆಸದಿದ್ದರೂ ನಡೆಯುತ್ತಿತ್ತು, ಇನ್ನು ಹತ್ತು ನಿಮಿಷಕ್ಕೆ ಓಟ ಶುರುವಾದರೆ ಮೈಯೆಲ್ಲ ಕೆಸರೇ. ಆದರೆ ಮೂವತ್ತೊಂದು ವರ್ಷದ ಅಭ್ಯಾಸ ಬಿಡಬೇಕಲ್ಲ. ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಬಗ್ಗಿ ಒರೆಸಿದಳು. ಏಳುವಾಗ ಅಂಗೈ ಎಡ ಮುಂಗಾಲಿನ ಹಿಂಬದಿಯ ನರದ ಮೇಲೆ ಹಾದುಹೋಯಿತು. ಅಲ್ಲಿ ಬಿಸಿಯಿತ್ತು.

ಜಾಸ್ತಿಯೇನಲ್ಲ. ಯಾರೋ ಈಗತಾನೇ ಎದ್ದುಹೋದ ಕುರ್ಚಿಯಲ್ಲಿ ಉಳಿದಿರುತ್ತದಲ್ಲ, ಅಷ್ಟು.

ಡೀಲಿಯಾ ನೆಟ್ಟಗಾಗಿ ಮತ್ತೆ ನಡೆಯತೊಡಗಿದಳು. ಪಕ್ಕದಲ್ಲಿ ಕುದುರೆ ತಲೆಯಾಡಿಸುತ್ತ ಬರುತ್ತಿತ್ತು. ಓಟದ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿದ್ದರೂ ಲಾಯದಲ್ಲಿ ಎಲ್ಲರಿಗೂ ಅವನು ಬಾರ್ನಿ. ಒಂಬತ್ತು ವರ್ಷದ ಕಂದು ಕುದುರೆ. ಮುಂದೆ ಮೂರು ಮೈಲಿ, ಹದಿನೇಳು ಬೇಲಿ. ಒಂದೊಂದು ಬೇಲಿ ಹಾರಿ ಇಳಿದಾಗಲೂ ಅಷ್ಟೂ ಮೈಭಾರ ಬೀಳುವುದು ಮುಂಗಾಲಿನ ಆ ನರದ ಮೇಲೆಯೇ.

ಓಟದ ಕುದುರೆಗಳನ್ನು ತಯಾರು ಮಾಡುವ ಮಾಸಿ ಕ್ವಿಲ್ಟಿಯ ಲಾಯದಲ್ಲಿ ಯಾವ ಕುದುರೆ ಓಡಬೇಕು, ಯಾವುದು ಓಡಬಾರದು ಎಂದು ಮೊದಲು ಹೇಳುವುದು ಡೀಲಿಯಾಳ ಕೈ. ಬೆಳಿಗ್ಗೆ ಐದಕ್ಕೆ ಕಾಲಿನ ಪಟ್ಟಿಗಳನ್ನು ಬಿಚ್ಚಬೇಕು, ಅರ್ಧ ಗಂಟೆ ಕಾಲಿಗೆ ಗಾಳಿಯಾಡಲು ಬಿಡಬೇಕು, ಆಮೇಲೆ ಮುಟ್ಟಿ ನೋಡಬೇಕು. ಅದೂ ಚಹಾ ಕುಡಿಯುವ ಮುಂಚೆ. ಬಿಸಿ ಲೋಟ ಹಿಡಿದ ಕೈಗೆ ಕುದುರೆಯ ಕಾಲಿನ ಬಿಸಿ ತಿಳಿಯುವುದಿಲ್ಲ. ಲಾಯದ ಮೇಲಿನ ಒಂಟಿ ಕೋಣೆಯಲ್ಲಿ ಅವಳು ಎದ್ದು, ಒಲೆಯ ಹತ್ತಿರವೂ ಸುಳಿಯದೆ ಇಳಿದು ಬರುತ್ತಿದ್ದಳು. ತನ್ನ ಬದುಕಿನಲ್ಲಿ ಅವಳು ಬೇರೆ ಯಾರಿಗಾಗಿಯೂ ಇಷ್ಟು ಕಟ್ಟುನಿಟ್ಟಾಗಿ ನಡೆದುಕೊಂಡವಳಲ್ಲ.

ಇವತ್ತು ಬೆಳಿಗ್ಗೆ ಚಹಾ ಕುಡಿದಿರಲಿಲ್ಲ, ನಿಜ. ಆದರೆ ಮೇವು ಬಿಟ್ಟಿದ್ದ ಮುದಿ ಹೆಣ್ಣುಕುದುರೆಗೆಂದು ಅಗಸೆ, ಬೂಸಾ ಹಾಕಿ ಬಿಸಿ ಗಂಜಿ ಮಾಡಿದ್ದಳು. ಮೊಣಕೈವರೆಗೆ ಕೈಯಿಳಿಸಿ ಕಲಸಿದ್ದಳು. ಹೊರಗೆ ಹಿಮ ಕಚ್ಚುತ್ತಿತ್ತು, ಆ ಬಿಸಿ ಹಿತವಾಗಿತ್ತು. ಕೈ ಒರೆಸಿಕೊಂಡು ನೇರವಾಗಿ ಬಾರ್ನಿಯ ಹತ್ತಿರ ಹೋಗಿ, ಕಾಲು ಸವರಿ, "ತಣ್ಣಗಿದೆ" ಎಂದು ಮಾಸಿಗೆ ಕೂಗಿ ಹೇಳಿದ್ದಳು. ಅದೆಲ್ಲ ಈಗ ನೆನಪಾಗಿ ಡೀಲಿಯಾಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಮಾಸಿ ಅಂಗಳದ ನಡುವೆ, ಹುಲ್ಲಿನ ಮೇಲೆ ನಿಂತಿದ್ದ. ಟೊಪ್ಪಿಗೆಯ ಅಂಚಿನಿಂದ ಮಳೆಹನಿ ಬೀಳುತ್ತಿತ್ತು. ಅವಳು ಕುದುರೆಯನ್ನು ಅವನ ಹತ್ತಿರ ತಿರುಗಿಸಿದಳು.

"ಯಜಮಾನ್ರೆ, ಎಡಗಾಲು ಬಿಸಿ ಇದೆ."

"ಬೆಳಿಗ್ಗೆ ಏನಂದೆ ನೀನು?"

"ತಣ್ಣಗಿದೆ ಅಂದೆ. ಆಗ ನನ್ ಕೈ ಬಿಸಿ ಇತ್ತು. ಮುದುಕಿಗೆ ಗಂಜಿ ಕಲಸಿ ಹಾಗೇ ಬಂದ್ಬಿಟ್ಟಿದ್ದೆ. ತಪ್ಪಾಯ್ತು."

ಮಾಸಿ ಕೈಗವಸು ತೆಗೆದು ಬಗ್ಗಿದ. ತುಂಬ ಹೊತ್ತು ಮುಟ್ಟಿದ. "ನನಗೇನೂ ಗೊತ್ತಾಗ್ತಿಲ್ಲ."

"ನನಗೆ ಗೊತ್ತಾಗ್ತಿದೆ."

"ಅಕ್ಟೋಬರ್‌ನಲ್ಲೂ ಗೊತ್ತಾಗಿತ್ತು ನಿನಗೆ." ಅವನು ದನಿ ತಗ್ಗಿಸಿದ. "ಹೆನೆಬ್ರಿ ನೋಡು, ನೆಂಟರನ್ನೆಲ್ಲ ಕಟ್ಕೊಂಡು ಬಂದು ನಿಂತಿದಾನೆ. ಏನ್ ಹೇಳ್ಲಿ ಅವನಿಗೆ? ನಮ್ ಡೀಲಿಯಾ ಗಂಜಿ ಕಲಸಿದ್ಲು ಅಂತ ಹೇಳ್ಲಾ?"

ಹೆನೆಬ್ರಿ ಕಲ್ಲುಗಣಿಯ ಧಣಿ, ಬಾರ್ನಿಯ ಒಡೆಯ. ಅಕ್ಟೋಬರ್‌ನಲ್ಲಿ ಅವಳ ಮಾತು ಕೇಳಿ ಬಾರ್ನಿಯನ್ನು ಓಟದಿಂದ ಬಿಡಿಸಿದ್ದರು. ಸ್ಕ್ಯಾನ್ ಮಾಡಿಸಿದರೆ ಏನೂ ಇರಲಿಲ್ಲ. "ಮುಟ್ಟಿದ್ದು ಕುದುರೆ ಕಾಲೋ, ಟೀ ಕೆಟ್ಲೋ?" ಎಂದು ಹೆನೆಬ್ರಿ ಎಲ್ಲರೆದುರು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಡೀಲಿಯಾಳೂ ನಕ್ಕಿದ್ದಳು. ಅಂದಿನಿಂದ ಅವಳಿಗೆ ತನ್ನ ಕೈಯ ಮೇಲೇ ಅನುಮಾನ.

ಆದರೆ ಅದಕ್ಕೂ ಎರಡು ವರ್ಷ ಹಿಂದೆ ರೋಶೀನ್ ಎಂಬ ಹೆಣ್ಣುಕುದುರೆ ಇತ್ತು. ಆವತ್ತೂ ಹೀಗೇ ಒಂದಿಷ್ಟು ಬಿಸಿ, ಇದೆಯೋ ಇಲ್ಲವೋ ಅನ್ನುವಷ್ಟು. ಯಾಕೆ ಸುಮ್ಮನೆ ರಗಳೆ ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಹದಿನೈದನೆಯ ಬೇಲಿಯ ಹತ್ತಿರ, ಬಿದ್ದು ಏಳಲಾರದ ಕುದುರೆಯನ್ನು ಕೊನೆಗಾಣಿಸುವಾಗ ಮರೆಗೆ ಹಿಡಿಯುವ ಹಸಿರು ಪರದೆ ಎದ್ದಿತು. ಅವಳು ಓಡಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರೋ ಲಗಾಮು ಬಿಚ್ಚಿ ಅವಳ ಕೈಗಿತ್ತರು. ಇನ್ನೂ ಒದ್ದೆಯಾಗಿದ್ದ ಆ ಲಗಾಮನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಗಾಡಿಯಲ್ಲಿ ಮನೆಗೆ ಬಂದಿದ್ದಳು.

ಸವಾರ ಬಂದು ಟೊಪ್ಪಿಗೆ ಮುಟ್ಟಿ ಮಾಸಿಗೆ ನಮಸ್ಕರಿಸಿದ. ಜೀನಿನ ಪಟ್ಟಿ ಬಿಗಿಯಲು ಮಾಸಿ ಕೈ ಚಾಚಿದ. ಡೀಲಿಯಾ ಕುದುರೆಯ ಮೂತಿಯನ್ನು ಆಚೆಗೆ ತಿರುಗಿಸಿಕೊಂಡು ಹೊರಟೇಬಿಟ್ಟಳು. "ಏಯ್, ಎಲ್ಲಿಗೆ?" ಎಂದು ಹಿಂದಿನಿಂದ ಮಾಸಿ ಕರೆದದ್ದು ಕೇಳಿಸಿತು. ಅವಳು ನಿಂತದ್ದು ಗೇಟಿನ ಬಳಿ, ಓಟದ ಬಯಲಿನ ಪಶುವೈದ್ಯರ ಮುಂದೆ.

"ಡಾಕ್ಟ್ರೆ, ಇವನ ಎಡಗಾಲು ನೋಡಿ."

"ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಇಲ್ಲ."

ವೈದ್ಯರು ಮುಟ್ಟಿದರು, ಒತ್ತಿದರು. ಕಲ್ಲುಹಾಸಿನ ಮೇಲೆ ಅತ್ತಿತ್ತ ಓಡಿಸಿ ನೋಡಿದರು. ಬಾರ್ನಿ ಚೊಕ್ಕವಾಗಿ ಓಡಿದ.

"ಕುಂಟ್ತಾ ಇಲ್ಲ. ಬಿಸಿ ಇದೆಯೋ ಇಲ್ವೋ, ಆಣೆ ಮಾಡಿ ಹೇಳಲಾರೆ."

"ನಾನು ಆಣೆ ಮಾಡ್ತೀನಿ."

ವೈದ್ಯರು ಅವಳ ಮುಖ ನೋಡಿದರು. "ಎಷ್ಟು ವರ್ಷದಿಂದ ಮುಟ್ತಾ ಇದೀರಿ ಈ ಕಾಲನ್ನ?"

"ಐದು ವರ್ಷ. ದಿನಾ."

ಅವರು ಜೇಬಿನಿಂದ ಪುಸ್ತಕ ತೆಗೆದು ಕುದುರೆಯ ನಂಬರು ಬರೆದುಕೊಂಡರು. ಸ್ವಲ್ಪ ಹೊತ್ತಿಗೆ, ಏಳನೆಯ ನಂಬರಿನ ಕುದುರೆ ಓಡುತ್ತಿಲ್ಲವೆಂದು ಧ್ವನಿವರ್ಧಕ ಸಾರಿತು. ಹೆನೆಬ್ರಿ ನೆಂಟರೊಂದಿಗೆ ಬಾರಿನ ಕಡೆ ನಡೆದ. ಅವನು ಈ ಸಲ ನಗಲೂ ಇಲ್ಲ.

ನಲವತ್ತು ಮೈಲಿ ದಾರಿ ಮಾಸಿಯೇ ಗಾಡಿ ಓಡಿಸಿದ. ಲಾಯ ತಲುಪಿದ ಮೇಲೆ ಗಾಡಿಯ ಬಾಗಿಲು ಇಳಿಸುತ್ತ, "ನನಗೆ ಹೇಳಿ ಹೋಗಬಹುದಿತ್ತು," ಎಂದ.

"ಹೇಳಿದ್ನಲ್ಲ ಯಜಮಾನ್ರೆ."

ಸ್ಕ್ಯಾನಿನಲ್ಲಿ ಈ ಸಲವೂ ಏನೂ ಕಾಣಲಿಲ್ಲ. ವಾರದೊಳಗೆ ಹೆನೆಬ್ರಿಯ ಗಾಡಿ ಬಂತು. ಬಾರ್ನಿ ಕಿಲ್ಡೇರ್‌ನ ದೊಡ್ಡ ಲಾಯವೊಂದಕ್ಕೆ ಹೊರಟ. ಡೀಲಿಯಾ ಒಂದು ಚೀಟಿಯಲ್ಲಿ ಎಡ ಮುಂಗಾಲಿನ ವಿಷಯ, ಪಟ್ಟಿ ಬಿಚ್ಚುವ ಹೊತ್ತು, ತನ್ನ ಫೋನ್ ನಂಬರು, ಕ್ಯಾರೆಟ್ ಅವನು ಮೂಸಿಯೂ ನೋಡುವುದಿಲ್ಲ ಎಂಬುದು, ಎಲ್ಲ ಬರೆದು ಚಾಲಕನ ಕೈಗೆ ಕೊಟ್ಟಳು. ಅವನು ಓದದೆ ಜೇಬಿಗೆ ತುರುಕಿಕೊಂಡ.

ಮಾಸಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಬೆಳಿಗ್ಗೆ "ಏನು ಸಮಾಚಾರ?" ಎಂದು ಕೇಳುವುದನ್ನು ಬಿಟ್ಟ. ಬಾರ್ನಿಯ ಕೋಣೆಯಲ್ಲಿ ಹುಲ್ಲಿನ ಮೂಟೆ ಪೇರಿಸಿದರು. ಅವಳು ಮಾತ್ರ ಐದಕ್ಕೇ ಏಳುತ್ತಿದ್ದಳು, ಉಳಿದ ಕುದುರೆಗಳ ಕಾಲು ಮುಟ್ಟುತ್ತಿದ್ದಳು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದೂ ಕುದುರೆಗಳೊಂದಿಗೆ. ತಾನು ಮಾಡಿದ್ದು ಸರಿಯೋ ತಪ್ಪೋ ಇನ್ನು ಸಾಯುವವರೆಗೂ ತಿಳಿಯುವುದಿಲ್ಲವಲ್ಲ ಎಂಬುದೇ ಅವಳನ್ನು ಒಳಗೊಳಗೆ ಕೊರೆಯುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ, ಆರಕ್ಕಿನ್ನೂ ಹತ್ತು ನಿಮಿಷವಿದ್ದಾಗ ಫೋನ್ ಬಂತು. ಡಿನ್ನಿ ಲೂಬಿ. ಓಟದ ಬಯಲುಗಳಲ್ಲಿ ಇಪ್ಪತ್ತು ವರ್ಷದಿಂದ ಕಂಡವನು, ಅವಳ ಹಾಗೇ ಕುದುರೆ ನೋಡಿಕೊಳ್ಳುವವನು.

"ಡೀಲಿಯಾ, ಬದುಕಿದೀಯಾ? ನಿನ್ ಬಾರ್ನಿ ಈಗ ನನ್ ತಲೆಗೆ ಬಿದ್ದಿದಾನೆ. ಇವತ್ತು ಓಡ್ತಾನೆ. ನಿನ್ ಚೀಟಿ ನಿನ್ನೆ ಕೈಗೆ ಸಿಕ್ತು. ಆ ಪುಣ್ಯಾತ್ಮ ಡ್ರೈವರ್ ಮೂರು ವಾರ ಜೇಬಲ್ಲಿ ಇಟ್ಕೊಂಡು ತಿರುಗಿದಾನೆ."

"ಕಾಲು ನೋಡಿದ್ಯಾ?"

"ಈಗ ತಾನೇ ನೋಡ್ದೆ. ತಣ್ಣಗಿದೆ. ನಿಂಗೆ ಹೇಳೋಣ ಅಂತಾನೇ ಫೋನ್ ಮಾಡ್ದೆ."

"ಟೀ ಆಯ್ತಾ?"

"ಕುಡೀತಾನೇ ಇದೀನಿ. ಯಾಕೆ, ಕಳಿಸ್ಲಾ?"

"ಲೋಟ ಕೆಳಗಿಡು. ಕೈಗೆ ತಣ್ಣೀರು ಬಿಟ್ಕೋ. ಆಮೇಲೆ ಮುಟ್ಟು."

"ಕೈ ಮರಗಟ್ಟುತ್ತೆ ಮಹಾತಾಯಿ."

"ಮರಗಟ್ಲಿ. ನಾನಿಲ್ಲೇ ಇರ್ತೀನಿ."

ಡಿನ್ನಿ ಗೊಣಗುತ್ತ ಫೋನನ್ನು ಸ್ಪೀಕರಿಗೆ ಹಾಕಿ ಕುದುರೆಯ ಹತ್ತಿರವೇ ಎಲ್ಲೋ ಇಟ್ಟ. ನಲ್ಲಿ ಬಿಟ್ಟ ಸದ್ದು, ಅವನ ಬೈಗುಳ, ನಲ್ಲಿ ನಿಂತದ್ದು, ಬೂಟುಗಳ ಸದ್ದು. ಆಮೇಲೆ ಬಾರ್ನಿ ಮೂಗಿನಿಂದ ಜೋರಾಗಿ ಉಸಿರು ಬಿಟ್ಟ. ತಣ್ಣನೆಯ ಕೈ ತಗಲಿದಾಗಲೆಲ್ಲ ಅವನು ಹಾಗೇ ಮಾಡುತ್ತಿದ್ದ.

ಕೊನೆಗೆ ಡಿನ್ನಿಯ ದನಿ ದೂರದಿಂದ ಬಂತು. ಅದರಲ್ಲಿ ತಮಾಷೆಯಿರಲಿಲ್ಲ. "ಎಡಗಾಲು ಅಂತ ತಾನೇ ಬರ್ದಿದ್ದು?"

"ಹೌದು."

ಬೂಟುಗಳು ಬಾಗಿಲು ದಾಟಿ ಹೊರಗೆ ಹೋದವು. "ಯಜಮಾನ್ರೆ, ಒಂದ್ನಿಮಿಷ ಇಲ್ಲಿ ಬನ್ನಿ," ಎಂದು ಕರೆದದ್ದು ಅಂಗಳದ ಆ ತುದಿಯಿಂದ ಕೇಳಿಸಿತು.

ಫೋನ್ ಕಟ್ ಮಾಡುವುದನ್ನು ಅವನು ಮರೆತಿದ್ದ. ಡೀಲಿಯಾ ಬಾರ್ನಿಯ ಹಳೆಯ ಕೋಣೆಯಲ್ಲಿ ಹುಲ್ಲಿನ ಮೂಟೆಯ ಮೇಲೆ ಕುಳಿತು ಫೋನನ್ನು ಕಿವಿಗೆ ಒತ್ತಿಕೊಂಡಳು. ಅತ್ತ ಬಾರ್ನಿ ಹುಲ್ಲು ಮೆಲ್ಲುತ್ತಿದ್ದ. ಅವಳು ಮೆಲ್ಲಗೆ ಅವನ ಹೆಸರು ಹಿಡಿದು ಕರೆದಳು. ಮೆಲ್ಲುವ ಸದ್ದು ನಿಂತಿತು.